ಮಂಡಿಯ ನೀರಿನಲ್ಲಿ ಕೊಲಾಜನ್ ಚೂರು

ಮಂಡಿನೋವೆಂದು ವೈದ್ಯರ ಬಳಿಗೆ ಹೋದರೆ ಸಾಮಾನ್ಯವಾಗಿ ಎಕ್ಸ್-ರೇ ತೆಗೆಸುತ್ತಾರೆ. ತಮಾಷೆಯೆಂದರೆ, ಸವೆಯುತ್ತಿರುವ ಮೃದ್ವಸ್ಥಿ, ಅಂದರೆ ಮೂಳೆತುದಿಯ ಮೆತ್ತನೆಯ ಹೊದಿಕೆ, ಅದರಲ್ಲಿ ಕಾಣುವುದೇ ಇಲ್ಲ. ಮೂಳೆಗಳ ನಡುವಿನ ಜಾಗ ಎಷ್ಟು ಕಿರಿದಾಗಿದೆ ಎಂಬುದರಿಂದ ಸವೆತವನ್ನು ಅಂದಾಜು ಮಾಡಬೇಕು. ಮೃದ್ವಸ್ಥಿಯಲ್ಲಿ ನರಗಳಿಲ್ಲ, ರಕ್ತನಾಳಗಳೂ ಇಲ್ಲ. ಸವೆದರೂ ಅದು ತಾನಾಗಿ ನೋಯುವುದಿಲ್ಲ. ನೋವೇನಿದ್ದರೂ ಸುತ್ತಲಿನ ಮೂಳೆಯದು, ಪೊರೆಯದು.

ಮೃದ್ವಸ್ಥಿಗೆ ಬಿಗಿ ಕೊಡುವುದು ಎರಡನೇ ಬಗೆಯ ಕೊಲಾಜನ್ ಎಂಬ ಪ್ರೋಟೀನು. ಮೂರು ಎಳೆ ಸೇರಿದ ಜಡೆಯಂಥ ಕಟ್ಟು ಅದರದು. ಕೊಲಾಜನ್ನಿನ ಈ ರಚನೆಯನ್ನು 1950ರ ದಶಕದಲ್ಲಿ ಮದರಾಸಿನಲ್ಲಿ ಬಿಡಿಸಿ ತೋರಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ.

ಇಷ್ಟು ಗಟ್ಟಿಯಾದ ಕೊಲಾಜನ್ನನ್ನು ಕಡಿಯುವುದು ಯಾವುದು? ವಿಜ್ಞಾನಿಗಳಾದ ಜೆರೋಮ್ ಗ್ರಾಸ್ ಮತ್ತು ಲಾಪಿಯೇರ್ 1962ರಲ್ಲಿ ಉತ್ತರ ಹುಡುಕಿದ್ದು ಗೊದಮೊಟ್ಟೆ ಮರಿಯ ಬಾಲದಲ್ಲಿ. ಮರಿ ಕಪ್ಪೆಯಾಗುವಾಗ ಬಾಲ ಕರಗಬೇಕಲ್ಲ! ಆ ಕೆಲಸ ಮಾಡುವ ಕೊಲಾಜಿನೇಸ್ ಎಂಬ ಕಿಣ್ವ ಅಲ್ಲಿ ಸಿಕ್ಕಿತು.

ನಮ್ಮ ಕೀಲಿನಲ್ಲಿರುವುದೂ ಅದೇ ಕುಲದ ಕಿಣ್ವಗಳೇ. ಅವು ಕೊಲಾಜನ್ನನ್ನು ಎಲ್ಲೆಂದರಲ್ಲಿ ಕಡಿಯುವುದಿಲ್ಲ. ಮುಕ್ಕಾಲು ಭಾಗ ಒಂದು ಕಡೆ, ಕಾಲು ಭಾಗ ಇನ್ನೊಂದು ಕಡೆ ಉಳಿಯುವಂತೆ, ಗೊತ್ತಾದ ಒಂದೇ ಜಾಗದಲ್ಲಿ ಕಡಿಯುತ್ತವೆ. ಆಗ ಇಡೀ ಕೊಲಾಜನ್ನಿನಲ್ಲಿ ಇಲ್ಲದ ಹೊಸ ತುದಿಯೊಂದು ಹೊರಬೀಳುತ್ತದೆ. ವಿಜ್ಞಾನಿಗಳು ಆ ತುದಿಯನ್ನಷ್ಟೇ ಗುರುತಿಸುವ ಪ್ರತಿಕಾಯಗಳನ್ನು ತಯಾರಿಸಿಕೊಂಡಿದ್ದಾರೆ. ಇಡಿಯದನ್ನು ಬಿಟ್ಟು, ಕಡಿದದ್ದನ್ನು ಮಾತ್ರ ಎಣಿಸುವ ಜಾಣತನ ಇದು.

ಹೀಗೆ ಕಡಿದ ಚೂರುಗಳು ಮೊದಲು ಕೀಲಿನ ದ್ರವಕ್ಕೆ ಸೇರಿ, ಅಲ್ಲಿಂದ ರಕ್ತಕ್ಕೆ, ಮೂತ್ರಕ್ಕೆ ಹೋಗುತ್ತವೆ. ಮೂತ್ರದಲ್ಲಿ ಅಳೆಯುವುದು ಸುಲಭ. ಆದರೆ ಚೂರು ಮಂಡಿಯದೋ, ಸೊಂಟದ್ದೋ, ಬೆನ್ನಿನದೋ ಎಂದು ಹೇಳುವವರು ಯಾರು? ಮಂಡಿಯಿಂದ ಸೂಜಿಯಲ್ಲಿ ತೆಗೆದ ದ್ರವಕ್ಕೆ ಆ ಗೊಂದಲವಿಲ್ಲ.

ಅದಕ್ಕೆ ಬೇರೆಯ ತೊಡಕಿದೆ. ಆರೋಗ್ಯವಂತ ಮಂಡಿಯಲ್ಲಿ ಇರುವುದೇ ಕೆಲವು ಮಿಲಿಲೀಟರ್ ದ್ರವ. ಊದಿದಾಗ ಅದು ಹಲವು ಪಟ್ಟಾಗಿ, ಚೂರುಗಳು ಅದರಲ್ಲಿ ಹರಡಿ ಕಡಿಮೆಯೆಂಬಂತೆ ಕಾಣುತ್ತವೆ. ಹಾಗಾಗಿ ಈ ಎಣಿಕೆ ಇಂದಿಗೂ ಹೆಚ್ಚಾಗಿ ಸಂಶೋಧಕರ ಕೈಯಲ್ಲೇ ಇದೆ. ನಿಮ್ಮೂರಿನ ಲ್ಯಾಬಿನಲ್ಲಿ ಕೇಳಿದರೆ ಸಿಕ್ಕದು. ವೈದ್ಯರು ದ್ರವ ತೆಗೆದು ನೋಡುವುದು ಮುಖ್ಯವಾಗಿ ಸೋಂಕನ್ನು, ಯೂರಿಕ್ ಆಮ್ಲದ ಹರಳುಗಳನ್ನು. ಇನ್ನೊಂದು ಪೇಚೂ ಇದೆ: ಮೃದ್ವಸ್ಥಿ ಬಹುಪಾಲು ಸವೆದುಹೋದ ಮಂಡಿಯಲ್ಲಿ ಕಡಿಯಲು ಉಳಿದಿರುವುದೇ ಸ್ವಲ್ಪ. ಅಲ್ಲಿ ಎಣಿಕೆ ಇಳಿದರೆ ಅದನ್ನು ಗುಣವಾಯಿತೆಂದು ಓದುವಂತಿಲ್ಲ.