ಶ್ರೀಗಂಧವೋ, ಮಲ್ಲಿಗೆಯೋ?

ಮದುವೆಯ ಜವಳಿಗೆಂದು ದುರ್ಗದ ಪೇಟೆಗೆ ಬಂದವರು ಅತ್ತರಿನ ಅಂಗಡಿಯ ಮುಂದೆಯೂ ಒಂದು ಗಳಿಗೆ ನಿಲ್ಲುವುದುಂಟು. ತಾಯಿಯ ಕೈ ಗಂಧದೆಣ್ಣೆಯ ಸೀಸೆಗೆ ಹೋದರೆ, ಮಗಳದು ಮಲ್ಲಿಗೆ ಅತ್ತರಿಗೆ. ಕೊಳ್ಳುವುದು ಒಂದನ್ನೇ ಎಂದಾದಾಗ ಯಾರ ಮಾತು ನಡೆಯಬೇಕು?

ಇವೆರಡರ ಸ್ವಭಾವವೇ ಬೇರೆ. ಗಂಧ ನಿಧಾನಿ. ಅದರ ಎಣ್ಣೆಯ ಬಹುಭಾಗ ಸ್ಯಾಂಟಲಾಲ್ ಎಂಬ, ಬೇಗ ಆವಿಯಾಗದ ದ್ರವ್ಯ. ಬೆಳಿಗ್ಗೆ ಹಚ್ಚಿದ ಒಂದು ತೊಟ್ಟು ಹೊತ್ತು ಇಳಿಯುವವರೆಗೂ ಜೊತೆಗಿರುತ್ತದೆ. ಮಲ್ಲಿಗೆಗೆ ಅವಸರ ಹೆಚ್ಚು. ಹಚ್ಚಿದೊಡನೆ ಮನೆಯೆಲ್ಲ ಘಮಘಮ. ನಮ್ಮ ಸೀಮೆಯ ಬೇಸಗೆಯಲ್ಲಿ ಅಷ್ಟೇ ಬೇಗ ಹಾರಿಯೂ ಹೋಗುತ್ತದೆ. ಆದ್ದರಿಂದಲೇ ಕನೌಜಿನ ಅತ್ತರುಗಾರರು ಹೂವಿನ ಆವಿಯನ್ನು ಗಂಧದೆಣ್ಣೆಯೊಳಕ್ಕೆ ಇಳಿಸಿ ಹಿಡಿದಿಡುವ ಪದ್ಧತಿ ಬೆಳೆಸಿದರು.

ಗಂಧದೆಣ್ಣೆಗೆ ಬೆಲೆ ಹೆಚ್ಚು. ಮರದ ಚೇಗು ಬಲಿಯಲು ಹಲವು ವರ್ಷಗಳು ಬೇಕು. ಮೈಸೂರು ಸಂಸ್ಥಾನವು 1916ರಲ್ಲಿ ಎಣ್ಣೆ ತೆಗೆಯುವ ಕೆಲಸಕ್ಕೆ ಕೈಹಾಕಿತು. 2001ರ ಕಾನೂನು ತಿದ್ದುಪಡಿಯಿಂದ ರೈತನ ಹೊಲದ ಗಂಧದ ಮರ ರೈತನದೇ ಆಯಿತು. ಆದರೂ ಅಗ್ಗದ ಶುದ್ಧ ಗಂಧವೆಂದು ಯಾರಾದರೂ ಹೇಳಿದರೆ ನಂಬುವ ಮುನ್ನ ಯೋಚಿಸಿ.

ಪರೀಕ್ಷಿಸುವುದು ಹೇಗೆ? ಬಿರಡೆ ಮೂಸಿ ತೀರ್ಮಾನಿಸಬೇಡಿ. ಒಂದು ಮುಂಗೈಗೆ ಇದು, ಇನ್ನೊಂದಕ್ಕೆ ಅದು ಸವರಿಕೊಂಡು, ಪೇಟೆಯ ಬೇರೆ ಕೆಲಸ ಮುಗಿಸಿ, ಅರ್ಧ ಗಂಟೆಯ ಮೇಲೆ ಮೂಸಿ ನೋಡಿ. ಚರ್ಮ ಉರಿದರೆ ಅದನ್ನು ಬಿಡಿ. ಇನ್ನೊಂದು ಮಾತು: ಹಚ್ಚಿಕೊಂಡವರ ಮೂಗು ಆ ವಾಸನೆಗೆ ಬೇಗ ಒಗ್ಗಿಬಿಡುತ್ತದೆ. ಪರಿಮಳ ಹೋಯಿತೆಂದು ಮತ್ತೆ ಮತ್ತೆ ಹಚ್ಚಿದರೆ ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ತಲೆನೋವು.

ನನ್ನ ಎಣಿಕೆಯಲ್ಲಿ ಒಂದೇ ಸೀಸೆಯಾದರೆ ಗಂಧವೇ ಸರಿ. ಮಲ್ಲಿಗೆ ಬೇಕಾದವರಿಗೆ ಹೂವಿನ ಬುಟ್ಟಿಯಲ್ಲಿ ಮೊಳದ ಲೆಕ್ಕದಲ್ಲಿ ಸಿಗುತ್ತದೆ; ಗಿಡದಿಂದ ಬಿಡಿಸಿದ ಮೊಗ್ಗು ಸಂಜೆಗೆ ಮುಡಿಯಲ್ಲೇ ಅರಳಿ ಯಾವ ಅತ್ತರಿಗೂ ಬಾರದ ಪರಿಮಳ ಕೊಡುತ್ತದೆ.

ಆದರೆ ಹೂ ಮುಡಿಯಬಾರದೆಂಬ ಕಟ್ಟಳೆಗೆ ಸಿಕ್ಕ ಹೆಣ್ಣುಮಕ್ಕಳು ಇಂದಿಗೂ ಎಷ್ಟೋ ಮನೆಗಳಲ್ಲಿ ಇದ್ದಾರೆ. ಗಂಡ ತೀರಿದ ದಿನದಿಂದ ಮಲ್ಲಿಗೆ ಅವರಿಗೆ ದೂರ. ಅಂಥ ಅತ್ತೆಯೋ ಅಕ್ಕನೋ ನಿಮ್ಮ ಮನೆಯಲ್ಲಿದ್ದರೆ ನನ್ನ ಲೆಕ್ಕವನ್ನು ಬದಿಗಿಡಿ. ಮಲ್ಲಿಗೆಯ ಸೀಸೆಯನ್ನೇ ಕೊಂಡು ಅವರ ಕೈಯಲ್ಲಿಡಿ. ಜೊತೆಗೆ ಒಂದು ಮೊಳ ಹೂವನ್ನೂ ಕೊಡುವ ಧೈರ್ಯ ನಮಗೆ ಬಂದರೆ ಇನ್ನೂ ಒಳ್ಳೆಯದು.