ಅಂತರ್ಜಾಲದಲ್ಲಿ ಅಂಗಡಿ ಕಟ್ಟಿಸುವ ಮುನ್ನ

(ಚಂದ್ರಂಪಳ್ಳಿಯಲ್ಲಿ ಹಾಲು ಉತ್ಪಾದಕ ಸದಸ್ಯರು ಹಾಗೂ ಮಹಿಳಾ ಸ್ವಸಹಾಯ ಗುಂಪುಗಳಿಗಾಗಿ ಏರ್ಪಡಿಸಿದ್ದ ತರಬೇತಿಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಕೆಚ್ಚಲು ಬಾವು, ಉಣ್ಣೆ ಕಾಟದ ಬಗ್ಗೆ ಮಾತಾಡಬೇಕಾದ ಪಶುವೈದ್ಯ ವೆಬ್‌ಸೈಟ್ ವಿಷಯ ಹಿಡಿದು ನಿಂತಿದ್ದಾನಲ್ಲ ಎಂದು ನಿಮಗೆ ಅನಿಸಬಹುದು. ಆದರೆ ಈಚೆಗೆ ದನಕ್ಕೆ ಸೂಜಿ ಹಾಕಿ ಕೈ ತೊಳೆಯುವಷ್ಟರಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಡಾಕ್ಟ್ರೇ, ನಮ್ಮ ತುಪ್ಪಕ್ಕ ಒಂದು ವೆಬ್‌ಸೈಟ್ ಮಾಡಿಸಬೇಕಂತೀವಿ, ಎಷ್ಟು ಬೀಳ್ತದರಿ?"

ಕೇಳುವುದಕ್ಕೆ ಕಾರಣವಿದೆ. ಇಲ್ಲಿಯ ಅಣೆಕಟ್ಟು, ಚಿಂಚೋಳಿ ಅಭಯಾರಣ್ಯ, ಎತ್ತಿಪೋತ ಜಲಪಾತ ನೋಡಲು ಬರುವವರು ನಿಮ್ಮ ದೇವಣಿ ಆಕಳ ತುಪ್ಪ ಕೊಂಡು ಹೋಗುತ್ತಾರೆ. ಊರು ಮುಟ್ಟಿದ ಮೇಲೆ ಮತ್ತೆ ಬೇಕೆಂದರೆ ಅವರಿಗೆ ದಾರಿ ಗೊತ್ತಿಲ್ಲ. ನಮ್ಮ ಜಿಲ್ಲೆಯ ಜೋಳದ ರೊಟ್ಟಿಯ ಸುದ್ದಿ ನಿಮಗೆಲ್ಲ ಗೊತ್ತಿದೆ. 2025ರ ಜೂನ್ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನಮಂತ್ರಿಗಳು ಕಲಬುರಗಿ ರೊಟ್ಟಿಯ ಮಾತು ಎತ್ತಿದ್ದರು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ, ಬೆಂಗಳೂರಿನಲ್ಲಿ ಮಾರಾಟ ಕೇಂದ್ರ, ಆನ್‌ಲೈನ್ ಬೇಡಿಕೆ, ಇಷ್ಟನ್ನೂ ಸಾಧಿಸಿದವರು ನಿಮ್ಮಂಥ ತಾಯಂದಿರೇ. ಆದರೆ ಒಂದು ಮಾತು ಗಮನಿಸಿ. ದಿನವೂ ಅಷ್ಟು ರೊಟ್ಟಿ ಬಡಿಯುವ ಕೈಗಳು ಇದ್ದುದರಿಂದ ಆನ್‌ಲೈನ್ ಕೆಲಸಕ್ಕೆ ಬಂತು.

ಆದ್ದರಿಂದ ಮೊದಲು ಲೆಕ್ಕ ಹಾಕಿರಿ. ಶೇ. 4 ಕೊಬ್ಬಿನ ಆಕಳ ಹಾಲಾದರೆ ಒಂದು ಕಿಲೋ ತುಪ್ಪಕ್ಕೆ 25 ಲೀಟರಿಗೆ ಕಡಿಮೆ ಇಲ್ಲದಂತೆ ಹಾಲು ಬೇಕು. ಹೈದರಾಬಾದಿನಿಂದ ಒಬ್ಬರು 20 ಕಿಲೋ ಕೇಳಿದರೆ 500 ಲೀಟರಿಗೂ ಮೀರಿದ ಹಾಲು! ಸಂಘಕ್ಕೆ ಹಾಕುವ ಹಾಲನ್ನು ತಿರುಗಿಸಿ ತುಪ್ಪ ಮಾಡಿರೆಂದು ನಾನು ಎಂದೂ ಹೇಳುವುದಿಲ್ಲ. ವಾರದ ಬಟವಾಡೆ ಮನೆ ನಡೆಸುತ್ತದೆ, ಇಂಥ ಆದೇಶ ಬಂದರೂ ಬಂತು, ಬಿಟ್ಟರೂ ಬಿಟ್ಟಿತು. ತಿಂಗಳಿಗೆ ನಾಲ್ಕೈದು ಕಿಲೋ ಮಾರುವವರಿಗೆ ವೆಬ್‌ಸೈಟ್ ಬೇಡವೇ ಬೇಡ. ಫೋನಿನಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡು, ಗೂಗಲ್ ನಕಾಶೆಯಲ್ಲಿ ನಿಮ್ಮ ಗುಂಪಿನ ಹೆಸರು ಸೇರಿಸಿದರೆ ಸಾಕು, ಎರಡಕ್ಕೂ ದುಡ್ಡಿಲ್ಲ. ಖೋವಾ ಮಾಡುವವರಿಗಂತೂ ದೂರದ ಗಿರಾಕಿ ಬೇಡ. ನಮ್ಮ ಬೇಸಿಗೆಯಲ್ಲಿ ಅದು ಪಾರ್ಸೆಲ್ ಡಬ್ಬಿಯಲ್ಲೇ ಹುಳಿಯುತ್ತದೆ.

ಹತ್ತಾರು ಮನೆ ಸೇರಿದ ಗುಂಪು, ವರ್ಷವಿಡೀ ತುಪ್ಪ ಕೊಡಬಲ್ಲವರು, ಅವರು ವೆಬ್‌ಸೈಟ್ ಕಟ್ಟಿಸಲಿ. ಕೆಲಸ ತಿಳಿದವರಿಂದಲೇ ಕಟ್ಟಿಸಲಿ. ಇದು ಮಗ ಮೊಬೈಲಿನಲ್ಲಿ ಫೋಟೋ ಹಾಕಿದಷ್ಟು ಸುಲಭವಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವೆಬ್‌ಸೈಟಿಗೆ ಒಂದು ವಿಳಾಸ ಇರುತ್ತದೆ, ಡೊಮೇನ್ ಎನ್ನುತ್ತಾರೆ, ಕೊನೆಗೆ ಡಾಟ್ ಕಾಮ್ ಅಥವಾ ಡಾಟ್ ಇನ್ ಎಂದು ಬರುವುದು. ಅದನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ, ವರ್ಷಕ್ಕಿಷ್ಟು ಎಂದು ಕಟ್ಟಿ ಹಿಡಿದುಕೊಳ್ಳುತ್ತಾರೆ. ಸಾಮಾನ್ಯ ಹೆಸರಿಗೆ ವರ್ಷಕ್ಕೆ 500ರಿಂದ 1,500 ರೂಪಾಯಿ. ಚಿಕ್ಕ ಮೊತ್ತ, ಹಾಗಾಗಿಯೇ ಯಾರೂ ಗಮನ ಕೊಡುವುದಿಲ್ಲ. ನಿಮ್ಮ ಎಮ್ಮೆಯ ಕಿವಿಯಲ್ಲಿ 12 ಅಂಕಿಯ ಹಳದಿ ಕಿವಿಯೋಲೆ ಇದೆಯಲ್ಲ, ಎಮ್ಮೆ ನಿಮ್ಮ ಕೊಟ್ಟಿಗೆಯಲ್ಲಿದ್ದರೂ ಆ ಸಂಖ್ಯೆ ದಾಖಲೆಯಲ್ಲಿ ಬೇರೆಯವರ ಹೆಸರಿಗಿದ್ದರೆ ವಿಮೆಯ ಹಣ ಕೇಳಲು ಹೋದಾಗ ಏನಾಗುತ್ತದೆ? ಇಲ್ಲಿಯೂ ಅದೇ ಕಥೆ.

ನನಗೆ ಗೊತ್ತಿರುವ ಒಂದು ಮಹಿಳಾ ಗುಂಪು, ಊರ ಹೆಸರು ಬೇಡ. ಪರಿಚಯದ ಹುಡುಗನೊಬ್ಬನಿಗೆ 25,000 ರೂಪಾಯಿ ಕೊಟ್ಟು ವೆಬ್‌ಸೈಟ್ ಮಾಡಿಸಿದರು. ಚೆನ್ನಾಗಿಯೇ ಮಾಡಿಕೊಟ್ಟ. ಆದರೆ ಡೊಮೇನನ್ನು ತನ್ನ ಹೆಸರಿನಲ್ಲಿ, ತನ್ನ ಇ-ಮೇಲ್‌ಗೆ, ತನ್ನ ಫೋನಿಗೆ ಕಟ್ಟಿದ್ದ. ಕೆಟ್ಟ ಉದ್ದೇಶವೇನೂ ಇರಲಿಲ್ಲ, ಹಾಗೆ ಮಾಡುವುದು ಅವನಿಗೆ ಸುಲಭ, ಅಷ್ಟೇ. ಮುಂದೆ ಪುಣೆಯಲ್ಲಿ ನೌಕರಿ ಸಿಕ್ಕಿ ಹೋದ, ಫೋನ್ ನಂಬರು ಬದಲಾಯಿತು. ವರ್ಷ ತುಂಬಿದಾಗ ಹಣ ಕಟ್ಟಿರೆಂದು ಬಂದ ಸೂಚನೆಗಳೆಲ್ಲ ಅವನ ಹಳೆಯ ಇ-ಮೇಲ್‌ಗೆ ಹೋದವು. ಕೆಲವು ವಾರ ಕಾದು ಹೆಸರು ಕಳಚಿತು, ಬೇರೆ ಯಾರೋ ಹಿಡಿದರು. ಇತ್ತ ಇವರ ತುಪ್ಪದ ಬಾಟಲಿಗಳ ಮೇಲೆ ಆ ವಿಳಾಸವೇ ಅಚ್ಚಾಗಿತ್ತು. ಗಿರಾಕಿ ತೆರೆದು ನೋಡಿದರೆ ಯಾವುದೋ ಜೂಜಿನ ಜಾಹೀರಾತು! ಚೀಟಿಗಳನ್ನೆಲ್ಲ ಕಿತ್ತು ಹೊಸದು ಅಂಟಿಸುವುದರಲ್ಲೇ ಆ ತಿಂಗಳ ಲಾಭ ಹೋಯಿತು.

ಹೀಗಾಗಿ ಮುಂಗಡ ಕೊಡುವ ಮೊದಲೇ ಕಾಗದದ ಮೇಲೆ ಬರೆಸಿರಿ: ಡೊಮೇನು ಗುಂಪಿನ ಹೆಸರಿನಲ್ಲಿ, ಗುಂಪಿನದೇ ಇ-ಮೇಲ್‌ನಲ್ಲಿ ಇರಬೇಕು, ಓ.ಟಿ.ಪಿ. ಗುಂಪಿನ ಫೋನಿಗೆ ಬರಬೇಕು. ಓ.ಟಿ.ಪಿ. ಯಾರ ಫೋನಿಗೆ ಬರುತ್ತದೋ ಅವರೇ ಯಜಮಾನರು ಎಂದು ತಿಳಿಯಿರಿ. ವೆಬ್‌ಸೈಟ್ ಇಡುವ ಜಾಗಕ್ಕೆ, ಅಂದರೆ ಹೋಸ್ಟಿಂಗ್‌ಗೆ, ಪ್ರತಿ ವರ್ಷ ಎಷ್ಟು ಬೀಳುತ್ತದೆ ಎಂಬುದನ್ನೂ ಬರೆಸಿರಿ. ಮೊದಲ ವರ್ಷ ಅಗ್ಗ ತೋರಿಸಿ ಎರಡನೆಯ ವರ್ಷ ಮೂರು ಪಟ್ಟು ಕೇಳುವುದು ಈ ವ್ಯಾಪಾರದಲ್ಲಿ ಮಾಮೂಲು. ಹಣ ಒಮ್ಮೆಲೇ ಕೊಡಬೇಡಿರಿ. ಪಾಸ್‌ವರ್ಡುಗಳೆಲ್ಲ ಗುಂಪಿನ ನಡವಳಿ ಪುಸ್ತಕ ಸೇರಿದ ಮೇಲೆ ಕೊನೆಯ ಕಂತು. ಆ ಪುಸ್ತಕ ಬೀಗದಲ್ಲಿರಲಿ.

ಕೆಲಸ ಕೇಳಿ ಬಂದವರು ಹಿಂದೆ ಮಾಡಿದ ಎರಡು ವೆಬ್‌ಸೈಟ್ ತೋರಿಸಲಿ. ಅವರ ಹೊಳೆಯುವ ಲ್ಯಾಪ್‌ಟಾಪಿನಲ್ಲಿ ಅಲ್ಲ, ತಾಂಡಾದಲ್ಲಿ ನಿಂತು ನಿಮ್ಮ ಫೋನಿನಲ್ಲೇ ತೆರೆದು ನೋಡಿರಿ. ಅಲ್ಲಿ ತೆರೆದುಕೊಂಡರೆ ಎಲ್ಲಿ ಬೇಕಾದರೂ ತೆರೆದುಕೊಳ್ಳುತ್ತದೆ. ಕನ್ನಡ ಅಕ್ಷರದ ಬಗ್ಗೆಯೂ ಕೇಳಿರಿ. ಹಳೆಯ ನುಡಿ, ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೇ ಅಂಟಿಸಿದರೆ ಓದುವವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಇರಬೇಕು. ಆಗ ಮಾತ್ರ ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವರಿಗೆ ನೀವು ಸಿಗುತ್ತೀರಿ.

ಹೆಸರಿನ ವಿಷಯದಲ್ಲಿ ಇನ್ನೊಂದು ಎಚ್ಚರ. ತುಪ್ಪಕ್ಕೆ 'ನಂದಿನಿ' ಎಂದು ಸೇರಿಸಿಕೊಳ್ಳುವ ಆಸೆ ಬೇಡ, ಅದು ನಮ್ಮ ಮಹಾಮಂಡಳದ ಮುದ್ರೆ. 2018ರಲ್ಲಿ ಸುಪ್ರೀಂ ಕೋರ್ಟು ಒಂದು ಹೋಟೆಲಿನವರಿಗೆ 'ನಂಧಿನಿ' ಹೆಸರು ಬಿಟ್ಟುಕೊಟ್ಟಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಹೋಟೆಲಿನ ಪದಾರ್ಥ ಬೇರೆ, ಹಾಲಿನ ಪದಾರ್ಥ ಬೇರೆ ಎಂಬುದೇ ಅಲ್ಲಿಯ ಆಧಾರವಾಗಿತ್ತು. ನೀವು ಮಾರುವುದು ತುಪ್ಪವನ್ನೇ. ಗುಜರಾತಿನ ಅಮುಲ್‌ನವರ ಪಾಡು ಕೇಳಿರಿ. ಅವರ ಹೆಸರು ಹಾಕಿಕೊಂಡ ಸುಳ್ಳು ವೆಬ್‌ಸೈಟುಗಳು ಏಜೆನ್ಸಿ ಕೊಡಿಸುತ್ತೇವೆಂದು ಜನರಿಂದ ಹಣ ಕಟ್ಟಿಸಿಕೊಂಡವು. ಅಷ್ಟು ದೊಡ್ಡ ಸಹಕಾರಿ ಸಂಸ್ಥೆಯೇ ದೆಹಲಿ ಹೈಕೋರ್ಟಿಗೆ ಹೋಗಿ 2020ರಲ್ಲಿ ಆ ವಿಳಾಸಗಳನ್ನು ತಡೆಯುವ ಆದೇಶ ತರಬೇಕಾಯಿತು. ನಿಮ್ಮಲ್ಲಿಯೂ ಯಾರಾದರೂ ಇಂಥ ಏಜೆನ್ಸಿ ಆಸೆಗೆ ಹಣ ಕಟ್ಟುವ ಮೊದಲು ಒಕ್ಕೂಟದ ಕಚೇರಿಗೆ ಒಂದು ಫೋನ್ ಮಾಡಿರಿ.

ಕಾನೂನಿನ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಎಫ್.ಎಸ್.ಎಸ್.ಎ.ಐ.ನ 14 ಅಂಕಿಯ ಸಂಖ್ಯೆ ಇಲ್ಲದೆ ತುಪ್ಪ ಮಾರುವಂತಿಲ್ಲ, ಅದು ಚೀಟಿಯ ಮೇಲೂ ವೆಬ್‌ಸೈಟಿನಲ್ಲೂ ಇರಲಿ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ, ದೂರು ಕೇಳುವವರು ಯಾರು, ಮಾಲು ಹಿಂದಿರುಗಿಸಿದರೆ ಏನು ಕ್ರಮ, ಇವು ಕಾಣುವಂತಿರಬೇಕು. ವೆಬ್‌ಸೈಟ್ ಕಟ್ಟುವವರಿಗೆ ಇದು ತಿಳಿದಿರಬೇಕು. ತಿಳಿಯದಿದ್ದರೆ ಬೇರೆಯವರನ್ನು ನೋಡಿರಿ.

ಹಿಂದಿನ ಸಾಲಿನಲ್ಲಿರುವ ತಾಯಿಯೊಬ್ಬರು ಆಗಲೇ ಕೈ ಎತ್ತಿದ್ದಾರೆ, ಅವರ ಪ್ರಶ್ನೆ ಮೊದಲು ಕೇಳೋಣ. ಯಾರ ಬಳಿಯಾದರೂ ವೆಬ್‌ಸೈಟಿನ ಕರಾರುಪತ್ರ ಈಗಾಗಲೇ ಇದ್ದರೆ ಊಟದ ನಂತರ ತನ್ನಿರಿ, ಕೂತು ಓದೋಣ.