ರಹೀಂ ಸಾಹೇಬರ ಮೈದಾನ

ಇವತ್ತು ನನಗೆ ಸಿಕ್ಕ ಈ ಹೊತ್ತಿನಲ್ಲಿ ಫುಟ್ಬಾಲಿನ ಮಾತಾಡುತ್ತೇನೆ. ನಮ್ಮ ಹುಡುಗರನ್ನು ಕೇಳಿದರೆ ಮೆಸ್ಸಿಯ ಹೆಸರು ಹೇಳುತ್ತಾರೆ, ರೊನಾಲ್ಡೊನ ಹೆಸರು ಹೇಳುತ್ತಾರೆ. ಹೈದರಾಬಾದಿನ ತರಬೇತುದಾರ ರಹೀಂ ಸಾಹೇಬರ ಹೆಸರು ಹೇಳುವವರು ಸಿಗುವುದಿಲ್ಲ. ನಮ್ಮ ಜಹೀರಾಬಾದು, ತಾಂಡೂರಿನ ಕಡೆಯಿಂದ ರೈಲು ಹತ್ತಿದರೆ ಅರ್ಧ ದಿನವೂ ಬೇಡ, ಹೈದರಾಬಾದು ಬಂತು. ಆ ಊರು ಒಂದು ಕಾಲಕ್ಕೆ ಇಡೀ ಭಾರತಕ್ಕೆ ಫುಟ್ಬಾಲ್ ಕಲಿಸಿತ್ತು. ಅದು ನಮ್ಮವರಿಗೇ ಮರೆತುಹೋಗಿದೆಯಲ್ಲ ಎಂಬ ಸಂಕಟ ನನಗೆ ಬಹಳ ವರ್ಷದಿಂದ ಇದೆ.

ಮೊದಲು ನಮ್ಮ ಸಂಬಂಧ ಏನು ಅಂತ ಹೇಳಿಬಿಡುತ್ತೇನೆ. 1956ರ ನವೆಂಬರ್ 1ರವರೆಗೆ ಜಹೀರಾಬಾದು, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಎಲ್ಲವೂ ಹೈದರಾಬಾದ್ ಸಂಸ್ಥಾನವೇ. ಹಾಗಾಗಿ ಹೈದರಾಬಾದಿನ ತಂಡ ನಮ್ಮ ರಾಜ್ಯದ ತಂಡ. ಆದರೆ ಎದುರಿಗೆ ಬರುತ್ತಿದ್ದ ಬಲವಾದ ತಂಡಗಳಲ್ಲಿ ಮೈಸೂರು ಒಂದು, ಅದು ನಮ್ಮ ಭಾಷೆಯವರ ತಂಡ. ಈ ಎರಡೂ ತಂಡಗಳು ಎದುರುಬದುರಾದಾಗ ನಮ್ಮ ಕಡೆಯ ಕನ್ನಡಿಗ ಯಾರ ಪರ ನಿಲ್ಲಬೇಕು? ನನ್ನನ್ನು ಕೇಳಿದರೆ, ಯಾರೇ ಗೆದ್ದರೂ ಖುಷಿಪಡುವ ಭಾಗ್ಯ ದೇಶದಲ್ಲಿ ಗಡಿಯವರಾದ ನಮಗೆ ಮಾತ್ರ ಇತ್ತು.

ಮೈಸೂರು ರಾಜ್ಯದ ಬೆಂಗಳೂರಿಗೆ ಈ ಆಟ ಬಂದದ್ದು ದಂಡಿನ ಗೋರಾ ಸಿಪಾಯಿಗಳಿಂದ. ಅವರು ಆಡುವುದನ್ನು ನೋಡಿ ದಂಡು ಪ್ರದೇಶದ ಬಡವರ ಮಕ್ಕಳು ಕಲಿತರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಈ ಕೇರಿಗಳಿಂದ ಎದ್ದುಬಂದವರೇ ಮುಂದೆ ಒಲಿಂಪಿಕ್ಸ್ ತನಕ ಹೋದರು. ಬೊಂಬಾಯಿಯ ರೋವರ್ಸ್ ಕಪ್ ಅಂದರೆ ಆಗ ಬ್ರಿಟಿಷ್ ಪಲ್ಟನ್ನುಗಳ ಸೊತ್ತು. 1937ರಲ್ಲಿ ಅದನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಯಾವುದು ಗೊತ್ತೇನ್ರಿ? ಬೆಂಗಳೂರು ಮುಸ್ಲಿಮ್ಸ್! ಒಂದು ಊರಿನ ಒಂದು ಸಮುದಾಯದ ಹುಡುಗರು ಕಟ್ಟಿಕೊಂಡ ತಂಡ ಅದು. ಮರುವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲೇ ಫ್ರಾನ್ಸಿನ ಎದುರು ಇಳಿದರು, ಎರಡು ಪೆನಾಲ್ಟಿ ಕೈತಪ್ಪಿದವು, 2–1ರಲ್ಲಿ ಸೋತರು. ಆ ಒಂದು ಗೋಲು, ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಪಠ್ಯಪುಸ್ತಕದಲ್ಲಿ ಇರಬೇಕಾದ ಹೆಸರು.

ಹೈದರಾಬಾದು ಈ ಕಡೆ ತನ್ನ ಪಾಡಿಗೆ ಬೆಳೆಯುತ್ತಿತ್ತು. ಅಲ್ಲಿ ಆಟಕ್ಕೆ ಆಸರೆ ಪೊಲೀಸ್ ಇಲಾಖೆ. ಹುಡುಗ ಚೆನ್ನಾಗಿ ಆಡಿದನೋ, ಇಲಾಖೆಯಲ್ಲಿ ನೌಕರಿ, ಮೈಮೇಲೆ ಸಿಟಿ ಪೊಲೀಸ್ ತಂಡದ ಅಂಗಿ. 1943ರಲ್ಲಿ ಈ ತಂಡ ಬೆಂಗಳೂರಿಗೇ ಬಂದು ಆಶ್ ಗೋಲ್ಡ್ ಕಪ್ ಎತ್ತಿಕೊಂಡು ಹೋಯಿತು. ಸೋತದ್ದು ಬ್ರಿಟಿಷ್ ವಾಯುಪಡೆಯ ತಂಡ, ಅದರಲ್ಲಿ ಇಂಗ್ಲೆಂಡಿನ ದೊಡ್ಡ ಕ್ರಿಕೆಟಿಗ ಡೆನಿಸ್ ಕಾಂಪ್ಟನ್ ಕೂಡ ಇದ್ದರು. ಆಮೇಲೆ 1950ರಲ್ಲಿ ರೋವರ್ಸ್ ಕಪ್ ಫೈನಲ್ಲು. ಒಂದು ಕಡೆ ಹೈದರಾಬಾದ್ ಸಿಟಿ ಪೊಲೀಸ್, ಇನ್ನೊಂದು ಕಡೆ ಬೆಂಗಳೂರಿನ ಆರ್ಯನ್ ಜಿಮ್ಖಾನಾ. ಬೊಂಬಾಯಿಯ ಮೈದಾನದಲ್ಲಿ ದಖನ್ನಿನ ಎರಡು ಊರುಗಳು! ಪೊಲೀಸರು ಗೆದ್ದರು. ಅಲ್ಲಿಂದ 1954ರವರೆಗೆ ಸತತ ಐದು ವರ್ಷ ಕಪ್ಪು ಹೈದರಾಬಾದ್ ಬಿಟ್ಟು ಕದಲಲಿಲ್ಲ. ಅದೇ 1950ರ ಡ್ಯುರಾಂಡ್ ಕಪ್ ಫೈನಲ್ಲಿನಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ಸಿಕ್ಕಿತು. ಮೊದಲ ದಿನ ಸಮ, ಮರುಪಂದ್ಯದಲ್ಲಿ 1–0. ಕಲ್ಕತ್ತೆಯವರಿಗೆ ಹೈದರಾಬಾದ್ ಅಂದರೆ ಏನು ಅಂತ ಆವತ್ತು ಗೊತ್ತಾಯಿತು.

ಇದರ ಹಿಂದೆ ಇದ್ದವರು ಸಯ್ಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲೆಯ ಮೇಷ್ಟ್ರು. ಅವರ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಾಗುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಅವರು ಹುಡುಗರಿಗೆ ಭಾಷಣ ಬಿಗಿದು ಆಟ ಕಲಿಸಲಿಲ್ಲ, ಕಟ್ಟಳೆ ಹಾಕಿ ಕಲಿಸಿದರು. ಅವರು ನಡೆಸುತ್ತಿದ್ದ ಒಂದು ಪಂದ್ಯಾವಳಿಯಲ್ಲಿ ಡ್ರಿಬ್ಲಿಂಗ್ ಮಾಡುವ ಹಾಗಿಲ್ಲ. ಚೆಂಡು ಕಾಲಿಗೆ ಬಂತೋ, ಒಂದೋ ಎರಡೋ ಸಲ ಮುಟ್ಟಿ ಜೊತೆಗಾರನಿಗೆ ಕೊಟ್ಟುಬಿಡಬೇಕು. ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಿನಿಂದಲೇ ಹೊಡೆಯಬೇಕು, ಬಲಗಾಲಿನವನಿಗೆ ಎಡಗಾಲೇ ಗತಿ. ಮತ್ತೊಂದು ಕುಳ್ಳ ಹುಡುಗರಿಗೆ ಅಂತಲೇ, ಇಷ್ಟು ಎತ್ತರ ಮೀರಿದವರಿಗೆ ಪ್ರವೇಶವೇ ಇಲ್ಲ. ನೋಡ್ರಿ, ಒಂದು ಮೈದಾನ, ಒಂದು ಚೆಂಡು, ಅದರ ಮೇಲೆ ಮೇಷ್ಟ್ರ ತಲೆ. ದುಡ್ಡೇ ಇಲ್ಲದ ಕಾಲದಲ್ಲಿ, ಎರಡೂ ಕಾಲು ಆಡುವ, ತಲೆ ಎತ್ತಿ ಪಾಸ್ ಕೊಡುವ ಒಂದು ಪೀಳಿಗೆಯನ್ನೇ ಅವರು ಹೀಗೆ ತಯಾರು ಮಾಡಿದರು. ನೂರ್ ಮೊಹಮ್ಮದ್, ಅಜೀಜುದ್ದೀನ್, ಜುಲ್ಫಿಕರುದ್ದೀನ್, ಸಿಕಂದರಾಬಾದಿನ ತುಳಸೀದಾಸ್ ಬಲರಾಮ್, ಹೀಗೆ ಸಾಲುಸಾಲು ಆಟಗಾರರು ಆ ಮಣ್ಣಿನಿಂದ ಬಂದರು. 1956ರಲ್ಲಿ ರಹೀಂ ಅವರ ಭಾರತ ತಂಡ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು.

ಇನ್ನು ಜಕಾರ್ತಾ. 1962ರ ಏಷ್ಯನ್ ಕ್ರೀಡಾಕೂಟ. ರಹೀಂ ಸಾಹೇಬರಿಗೆ ಆಗಲೇ ಕ್ಯಾನ್ಸರ್. ಇಸ್ರೇಲ್, ತೈವಾನ್‌ಗಳನ್ನು ಹೊರಗಿಟ್ಟದ್ದನ್ನು ನಮ್ಮ ದೇಶದ ಅಧಿಕಾರಿಯೊಬ್ಬರು ಪ್ರಶ್ನಿಸಿದರು ಅಂತ ಇಂಡೋನೇಷ್ಯಾದ ಜನ ಭಾರತದ ಮೇಲೆ ಕೆಂಡಾಮಂಡಲವಾಗಿದ್ದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಕೈಲಿ 2–0 ಸೋಲು. ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಬೇರೆ ಯಾರಾದರೂ ಅವರನ್ನು ಕೂರಿಸಿಬಿಡುತ್ತಿದ್ದರು. ರಹೀಂ ಸಾಹೇಬರು ಕೂರಿಸಲಿಲ್ಲ, ಹಿಂದಿನಿಂದ ತೆಗೆದು ಮುಂದೆ ಗೋಲು ಹೊಡೆಯುವ ಜಾಗಕ್ಕೇ ನಿಲ್ಲಿಸಿದರು! ಸೆಪ್ಟೆಂಬರ್ 4ರಂದು ಫೈನಲ್ಲು, ಎದುರಿಗೆ ಅದೇ ಕೊರಿಯಾ. ಸುಮಾರು ಲಕ್ಷ ಜನ, ಲಕ್ಷವೂ ನಮಗೆ ವಿರೋಧ. ಆ ಗದ್ದಲದ ನಡುವೆ ನಮ್ಮ ಪರ ಕೂಗಿದವರು ಪಾಕಿಸ್ತಾನದ ಹಾಕಿ ತಂಡದವರು ಅಂತ ಆವತ್ತು ಆಡಿದವರು ಕೊನೆಯವರೆಗೂ ಹೇಳುತ್ತಿದ್ದರು. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಹೊಲಿಗೆ ಹಾಕಿದ ಅದೇ ತಲೆಯ ಜರ್ನೈಲ್ ಒಂದು ಗೋಲು. 2–1. ಚಿನ್ನ. ಆಮೇಲೆ ಇವತ್ತಿನವರೆಗೆ ಏಷ್ಯನ್ ಕ್ರೀಡಾಕೂಟದ ಫುಟ್ಬಾಲಿನಲ್ಲಿ ಭಾರತಕ್ಕೆ ಚಿನ್ನ ಬಂದಿಲ್ಲ. 1963ರ ಜೂನ್‌ನಲ್ಲಿ ರಹೀಂ ಸಾಹೇಬರು ತೀರಿಕೊಂಡರು. ಅವರ ಮಗ ಎಸ್.ಎಸ್. ಹಕೀಂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು, ಮುಂದೆ ಅಂತರರಾಷ್ಟ್ರೀಯ ರೆಫರಿ ಆದವರು. ಅವರು 2021ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಪಕ್ಕದ ಕಲಬುರಗಿಯಲ್ಲಿ. ನಮ್ಮವರಲ್ಲಿ ಎಷ್ಟು ಜನಕ್ಕೆ ಅದು ಗೊತ್ತಾಯಿತು?

ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ಮೈಸೂರು 1946, 1952ರಲ್ಲಿ ಗೆದ್ದಿತು, ಆಮೇಲೆ 1967–68, 1968–69ರಲ್ಲಿ ಬಂಗಾಳವನ್ನೇ ಸೋಲಿಸಿ ಎರಡು ಸಲ. ಹೈದರಾಬಾದು 1956–57, 1957–58ರಲ್ಲಿ. ಗಮನಿಸಿ, ಎರಡನೆಯ ಸಲ ಗೆಲ್ಲುವ ಹೊತ್ತಿಗೆ ಹೈದರಾಬಾದ್ ಅನ್ನುವ ರಾಜ್ಯವೇ ನಕಾಶೆಯ ಮೇಲೆ ಇರಲಿಲ್ಲ. ನಾವೆಲ್ಲ ಆಗಲೇ ಹರಿದು ಹಂಚಿಹೋಗಿದ್ದೆವು. ತಂಡ ಮಾತ್ರ ಹಳೆಯ ಹೆಸರು ಹೊತ್ತು ಆಡುತ್ತಿತ್ತು.

ಹಾಗಾದರೆ ಈ ಜನಪ್ರಿಯತೆ ಎಲ್ಲಿ ಹೋಯಿತು? ಮೊದಲ ಪೆಟ್ಟು ಬಿದ್ದದ್ದು ಕಲ್ಕತ್ತೆಯಿಂದ. ಬೆಂಗಳೂರಿನ ಅಹ್ಮದ್ ಖಾನ್, ಹೈದರಾಬಾದಿನ ಬಲರಾಮ್, ಆಮೇಲೆ ಮೊಹಮ್ಮದ್ ಹಬೀಬ್, ನಯೀಮುದ್ದೀನ್, ಒಬ್ಬೊಬ್ಬರೇ ಅಲ್ಲಿನ ದೊಡ್ಡ ಕ್ಲಬ್ಬುಗಳಿಗೆ ಹೋದರು. ಅವರನ್ನು ತಪ್ಪು ಅನ್ನಲಾರೆ. ಹೆಸರು ಅಲ್ಲಿತ್ತು, ಹಣ ಅಲ್ಲಿತ್ತು. ಆದರೆ ಊರ ಹುಡುಗ ಊರ ಅಂಗಿ ಬಿಟ್ಟ ಮೇಲೆ ಊರ ಜನಕ್ಕೆ ಮೈದಾನದಲ್ಲಿ ಏನು ಕೆಲಸ? 1983ರಲ್ಲಿ ಕ್ರಿಕೆಟ್ ವಿಶ್ವಕಪ್ ಬಂತು, ಆ ತಂಡದಲ್ಲಿ ಬೆಂಗಳೂರಿನ ರೋಜರ್ ಬಿನ್ನಿ ಇದ್ದರು. ಮರುವರ್ಷ ಹೈದರಾಬಾದಿನ ಅಜರುದ್ದೀನ್ ಆಡಲು ಇಳಿದು ಮೊದಲ ಮೂರು ಟೆಸ್ಟಿನಲ್ಲೂ ನೂರು ಹೊಡೆದರು. ಎರಡೂ ಊರಿನ ಮಕ್ಕಳ ಕೈಗೆ ಬ್ಯಾಟು ಬಂತು, ಮನೆಗೆ ಟೀವಿ ಬಂತು.

ಇದೇ ಕಥೆ ದೂರದ ಅಮೆರಿಕದಲ್ಲೂ ನಡೆದಿದೆ. ಅಲ್ಲಿ ಕಪ್ಪು ಜನಾಂಗದವರಿಗೆ ಬಿಳಿಯರ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದ್ದಾಗ ಅವರದೇ ಕಾಲೇಜುಗಳಿದ್ದವು. ಅವರ ಫುಟ್ಬಾಲ್ ಬೇರೆ, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ. ಲೂಸಿಯಾನಾ ರಾಜ್ಯದ ಗ್ರ್ಯಾಂಬ್ಲಿಂಗ್, ಸದರ್ನ್ ಎಂಬ ಎರಡು ಕಾಲೇಜುಗಳ ಪೈಪೋಟಿ ಬಹಳ ಹೆಸರುವಾಸಿ. ಗ್ರ್ಯಾಂಬ್ಲಿಂಗಿಗೂ ಒಬ್ಬ ರಹೀಂ ಸಾಹೇಬರಿದ್ದರು: ಎಡ್ಡಿ ರಾಬಿನ್ಸನ್, 1941ರಿಂದ 1997ರವರೆಗೆ ಒಂದೇ ಕಾಲೇಜಿನ ತರಬೇತುದಾರ, 408 ಗೆಲುವು. ಬಿಳಿಯರ ಕಾಲೇಜುಗಳ ಬಾಗಿಲು ತೆರೆದಾಗ ಒಳ್ಳೊಳ್ಳೆಯ ಆಟಗಾರರು ಅತ್ತ ಹೋದರು, ಟೀವಿಯೂ ಅತ್ತಲೇ ತಿರುಗಿತು. ಆದರೂ 1974ರಲ್ಲಿ ಶುರುವಾದ ಗ್ರ್ಯಾಂಬ್ಲಿಂಗ್, ಸದರ್ನ್ ನಡುವಿನ ಬಾಯೂ ಕ್ಲಾಸಿಕ್ ಪಂದ್ಯ ಇಂದಿಗೂ ಪ್ರತಿ ನವೆಂಬರ್ ಕೊನೆಗೆ ನ್ಯೂ ಆರ್ಲಿಯನ್ಸಿನಲ್ಲಿ ನಡೆಯುತ್ತದೆ. ನಡುವೆ ಎರಡೂ ಕಾಲೇಜಿನ ವಾದ್ಯದವರ ಪೈಪೋಟಿ, ಅದಕ್ಕೆಂದೇ ಬರುವವರಿದ್ದಾರೆ. ಅಜ್ಜ, ಮಗ, ಮೊಮ್ಮಗ ಒಟ್ಟಿಗೆ ಬರುತ್ತಾರೆ. ಆಟಗಾರರು ಹೋದರೂ ಕಾಲೇಜು ಉಳಿಯಿತು, ಅದರ ಜೊತೆ ಜನವೂ ಉಳಿದರು.

ನಮ್ಮಲ್ಲಿ ಉಳಿಯಲಿಲ್ಲ. ಹೈದರಾಬಾದ್ ಎಫ್.ಸಿ. ಎಂಬ ತಂಡ 2019ರಲ್ಲಿ ಹುಟ್ಟಿತು, 2022ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದೂ ಬಿಟ್ಟಿತು. ನನಗಾದ ಸಂತೋಷ ಹೇಳತೀರದು. ಆಮೇಲೆ ಹಣದ ತಾಪತ್ರಯ, ಆಟಗಾರರು ಬಿಟ್ಟುಹೋದರು, 2025ರಲ್ಲಿ ತಂಡವೇ ದಿಲ್ಲಿಗೆ ಹೋಗಿ ಹೆಸರು ಬದಲಿಸಿಕೊಂಡಿತು. ಬೆಂಗಳೂರಿನ ಪರಿಸ್ಥಿತಿ ಎಷ್ಟೋ ವಾಸಿ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ.ಗೆ ನಿಷ್ಠೆಯ ಅಭಿಮಾನಿಗಳಿದ್ದಾರೆ. 2023ರ ಮಾರ್ಚಿನಲ್ಲಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಆದರೆ ಆ ಫೈನಲ್ ಆಡಿಸಿದ್ದು ಸೌದಿ ಅರೇಬಿಯಾದ ರಿಯಾದಿನಲ್ಲಿ! ಕಂಠೀರವ ಕ್ರೀಡಾಂಗಣ ತುಂಬಬೇಕಾಗಿದ್ದ ಗೆಲುವು ಸಮುದ್ರದಾಚೆ ಆಗಿಹೋಯಿತು. ನನಗೆ ಅದು ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಆಟದ ಜೊತೆ ಜನ ಉಳಿಯುವುದು ಹೇಗೆ ಅಂತ ತಿಳಿಯಬೇಕಾದರೆ ನಮ್ಮ ಕಡೆಯ ಜಾತ್ರೆ ಕುಸ್ತಿ ನೋಡಿ. ಹಗಲು ಹುಡುಗರ ಜೋಡಿಗಳಿಗೆ ತೆಂಗಿನಕಾಯಿ ಬಹುಮಾನದಿಂದ ಶುರುವಾಗಿ, ಸಂಜೆ ಬೆಳ್ಳಿ ಕಡಗದ ಕುಸ್ತಿಗೆ ಬರುವ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಬೀದರ್ ಕಡೆಯ ಪೈಲ್ವಾನ, ಮಹಾರಾಷ್ಟ್ರದ ಪೈಲ್ವಾನ, ನಮ್ಮೂರ ಪೈಲ್ವಾನ, ಯಾರು ಯಾರ ಮಗ ಅಂತ ಸುತ್ತ ನಿಂತವರಿಗೆಲ್ಲ ಗೊತ್ತು. ಹಾಗೆ ಗೊತ್ತಿರುವುದರಿಂದಲೇ ಜನ ಸೇರುತ್ತಾರೆ. ರಹೀಂ ಸಾಹೇಬರ ಕಾಲದ ಫುಟ್ಬಾಲಿಗೆ ಇದ್ದದ್ದೂ ಇದೇ ಬಲ.

ಅದಕ್ಕೇ ಊರ ಹಿರಿಯರಲ್ಲಿ, ಜಾತ್ರಾ ಕಮಿಟಿಯವರಲ್ಲಿ ನನ್ನದೊಂದು ಬಿನ್ನಹ. ಬರುವ ಜಾತ್ರೆಯಲ್ಲಿ ಕುಸ್ತಿಯ ಹಿಂದಿನ ದಿನ ಒಂದು ಫುಟ್ಬಾಲ್ ಪಂದ್ಯಾವಳಿ ಇಡಿ. ಜಹೀರಾಬಾದಿನದೊಂದು ತಂಡ, ನಾರಾಯಣಖೇಡದ್ದೊಂದು, ತಾಂಡೂರಿನದೊಂದು. ಆಡುವವರು ಆಯಾ ಊರಿನ ಶಾಲೆಯ ಮಕ್ಕಳೇ ಆಗಿರಲಿ, ಹೊರಗಿನಿಂದ ಕರೆತರುವುದು ಬೇಡ. ಕಟ್ಟಳೆ ರಹೀಂ ಸಾಹೇಬರದು: ಡ್ರಿಬ್ಲಿಂಗ್ ಇಲ್ಲ, ಬಲಗಾಲಿನವರು ಎಡಗಾಲಲ್ಲಿ ಹೊಡೆದ ಗೋಲಷ್ಟೇ ಲೆಕ್ಕ. ಒಂದು ಚೆಂಡು, ನಾಲ್ಕು ಬೊಂಬು ಸಾಕು. ಗೆದ್ದ ಊರಿಗೆ ಬೆಳ್ಳಿ ಕಡಗ ಕೊಡಿ.